ಬಿಸಿಗಾಳಿ ಫ್ಯಾನಿನ ಹಳೆಯ ಮೋಟಾರು: ಉಳಿಸುವುದೋ, ಬದಲಿಸುವುದೋ?

“ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು” ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಮನುಷ್ಯರನ್ನು ಕುರಿತು ಹೇಳಿದ ಈ ಮಾತು ಯಂತ್ರಗಳ ವಿಷಯದಲ್ಲಿಯೂ ಅಷ್ಟೇ ಸಲ್ಲುತ್ತದೆ. ಓಡುತ್ತಿರುವವರೆಗೆ ಯಂತ್ರದ ಕಡೆಗೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಅದು ನಿಂತ ದಿನ ಎಲ್ಲರೂ ಅದರ ಸುತ್ತ ನೆರೆಯುತ್ತಾರೆ. ಅಂತಹ ಒಂದು ಯಂತ್ರವನ್ನು, ಎಂದರೆ ಚಹಾ ಕಾರ್ಖಾನೆಯ ಬಿಸಿಗಾಳಿ ಫ್ಯಾನನ್ನು ತಿರುಗಿಸುವ ವಿದ್ಯುತ್ ಮೋಟಾರನ್ನು, ಕುರಿತು ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗುವುದು. ನೀಲಗಿರಿಯಲ್ಲಿಯೂ ವಯನಾಡಿನಲ್ಲಿಯೂ ಚಹಾ ತೋಟವುಳ್ಳ ಮನೆಗಳ ಮಕ್ಕಳಿಗೆ ಈ ಕಾರ್ಖಾನೆಗಳ ಸದ್ದು ಹೊಸದಲ್ಲ. ಆದರೆ ಆ ಸದ್ದಿನ ಅರ್ಥವನ್ನು ಬಲ್ಲವರು ವಿರಳ.

ಫ್ಯಾನಿನ ಕೆಲಸ

ಕೊಯ್ದು ತಂದ ಹಸಿರೆಲೆಯಲ್ಲಿ ನೂರಕ್ಕೆ ೭೫ರಿಂದ ೮೦ ಪಾಲು ನೀರೇ ಇರುತ್ತದೆ. ಸಿದ್ಧವಾದ ಚಹಾಪುಡಿಯಲ್ಲಿ ಉಳಿಯತಕ್ಕ ನೀರು ಸುಮಾರು ೩ ಪಾಲು ಮಾತ್ರ. ಆದಕಾರಣವೇ ಒಂದು ಕಿಲೋ ಪುಡಿಗೆ ನಾಲ್ಕರಿಂದ ಐದು ಕಿಲೋ ಎಲೆ ಬೇಕಾಗುತ್ತದೆ. ಈ ನೀರನ್ನೆಲ್ಲ ಹೊತ್ತೊಯ್ಯುವುದು ಗಾಳಿ. ಮೊದಲು ಉದ್ದನೆಯ ತೊಟ್ಟಿಗಳಲ್ಲಿ ಎಲೆಯನ್ನು ಹರವಿ, ಕೆಳಗಿನಿಂದ ಫ್ಯಾನಿನ ಗಾಳಿಯನ್ನು ಹಾಯಿಸಿ ಬಾಡಿಸುತ್ತಾರೆ. ಮಳೆಗಾಲದಲ್ಲಿ ಹೊರಗಿನ ಗಾಳಿಯೇ ಒದ್ದೆಯಾಗಿರುವುದರಿಂದ ಅದಕ್ಕೆ ಸ್ವಲ್ಪ ಬಿಸಿಗಾಳಿಯನ್ನು ಬೆರೆಸಬೇಕಾಗುತ್ತದೆ. ತರುವಾಯ ಎಲೆಯನ್ನು ಯಂತ್ರದಲ್ಲಿ ಕತ್ತರಿಸಿ, ಗಾಳಿಗೆ ಒಡ್ಡಿ ಕಂದುಬಣ್ಣಕ್ಕೆ ತಿರುಗಲು ಬಿಟ್ಟು, ಕೊನೆಗೆ ಡ್ರೈಯರಿಗೆ ಹಾಕುತ್ತಾರೆ. ಸೌದೆಯ ಒಲೆಯ ಕಾದ ಕೊಳವೆಗಳನ್ನು ಬಳಸಿ ಹಾದು, ೧೦೦ ಡಿಗ್ರಿ ಸೆಂಟಿಗ್ರೇಡ್ ಅಥವಾ ಅದಕ್ಕೂ ಮೀರಿ ಕಾದ ಗಾಳಿಯನ್ನು ದೊಡ್ಡ ಫ್ಯಾನೊಂದು ಅಲ್ಲಿ ಎಲೆಯೊಳಕ್ಕೆ ತಳ್ಳುತ್ತದೆ.

ಈ ಫ್ಯಾನು ನಡುರಾತ್ರಿಯಲ್ಲಿ ನಿಂತರೆ ನಷ್ಟ ಮೂರು ಬಗೆಯದು. ಡ್ರೈಯರಿನೊಳಗಿನ ಎಲೆ ಒಣಗುವ ಬದಲು ಬೇಯುತ್ತದೆ. ಹೊರಗೆ ಸರದಿ ಕಾದಿರುವ ಎಲೆ ಹದ ಮೀರಿ ರುಚಿಗೆಡುತ್ತದೆ. ಶಾಖವನ್ನು ಒಯ್ಯುವ ಗಾಳಿಯಿಲ್ಲದೆ ಒಲೆಯ ಕೊಳವೆಗಳು ಅತಿಯಾಗಿ ಕಾದು ಬಿರಿಯುವ ಭಯವೂ ಉಂಟು. ಕೆಟ್ಟ ಎಲೆಯಾದರೂ ಯಾರದು? ಒಂದೆರಡು ಎಕರೆ ತೋಟವಿಟ್ಟುಕೊಂಡು, ಹಗಲೆಲ್ಲ ಕೊಯ್ದು, ಸಂಜೆ ತೂಕಕ್ಕೆ ಹಾಕಿದ ಹಲವು ಮನೆಗಳವರದು. ಸಹಕಾರಿ ಕಾರ್ಖಾನೆಯಾಗಿದ್ದರಂತೂ ಮೋಟಾರಿನ ಖರ್ಚೂ, ಎಲೆಯ ನಷ್ಟವೂ ಕೊನೆಗೆ ಸೇರುವುದು ಸದಸ್ಯರ ಲೆಕ್ಕಕ್ಕೇ. ಆದುದರಿಂದ ಮೋಟಾರಿನ ಆರೋಗ್ಯವನ್ನು ವಿಚಾರಿಸುವುದು ಮೇಸ್ತ್ರಿಯೊಬ್ಬನ ಹೊಣೆ ಮಾತ್ರವಲ್ಲ.

ಮೋಟಾರು ತಿರುಗುವ ಬಗೆ

ಮೈಕೇಲ್ ಫ್ಯಾರಡೆ ೧೮೩೧ರಲ್ಲಿ, ಬದಲಾಗುತ್ತಿರುವ ಕಾಂತಕ್ಷೇತ್ರವು ತಂತಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ ಎಂಬುದನ್ನು ತೋರಿಸಿದನು. ಈ ತತ್ತ್ವವನ್ನು ಹಿಡಿದು ನಿಕೋಲಾ ಟೆಸ್ಲಾ ೧೮೮೮ರಲ್ಲಿ ಪ್ರೇರಣ ಮೋಟಾರಿಗೆ ಅಮೆರಿಕದಲ್ಲಿ ಪೇಟೆಂಟು ಪಡೆದನು. ಮರುವರ್ಷ ದೊಲಿವೊ-ದೊಬ್ರೊವೊಲ್‌ಸ್ಕಿ ಎಂಬ ತಂತ್ರಜ್ಞನು ಪಂಜರದಂತಹ ರೋಟರುಳ್ಳ ಮೂರು ಫೇಸಿನ ಮೋಟಾರನ್ನು ರಚಿಸಿದನು. ನೀಲಗಿರಿಯ ಪೈಕಾರಾ ಜಲವಿದ್ಯುತ್ ಕೇಂದ್ರವು ೧೯೩೨ರಲ್ಲಿ ಕೆಲಸ ಆರಂಭಿಸಿತು. ಇಂದು ನಮ್ಮ ಬೆಟ್ಟಗಳ ಚಹಾ ಕಾರ್ಖಾನೆಗಳಲ್ಲಿ ಫ್ಯಾನು ತಿರುಗಿಸುವ ಮೋಟಾರುಗಳು ಬಹುಮಟ್ಟಿಗೆ ದೊಬ್ರೊವೊಲ್‌ಸ್ಕಿಯ ಆ ಮೋಟಾರಿನ ವಂಶದವೇ.

ಒಂದೇ ಒರಳಿನಲ್ಲಿ ಮೂವರು ಹೆಂಗಸರು ಒನಕೆ ಹಿಡಿದು ಭತ್ತ ಕುಟ್ಟುವುದನ್ನು ಹಿರಿಯರು ಕಂಡಿರುತ್ತಾರೆ. ಒಬ್ಬಳ ಒನಕೆ ಬೀಳುವಾಗ ಇನ್ನೊಬ್ಬಳದು ಏಳುತ್ತಿರುತ್ತದೆ. ಸರದಿ ತಪ್ಪದಿದ್ದರೆ ಕುಟ್ಟುವ ಕೆಲಸ ಎಡೆಬಿಡದೆ ಸಾಗುತ್ತದೆ. ಮೂರು ಫೇಸಿನ ವಿದ್ಯುತ್ತೂ ಹೀಗೆಯೇ. ಮೂರು ತಂತಿಗಳಲ್ಲಿ ಪ್ರವಾಹವು ಒಂದರ ಹಿಂದೊಂದರಂತೆ ಶಿಖರಕ್ಕೇರುತ್ತದೆ. ಮೋಟಾರಿನ ಹೊರಭಾಗದಲ್ಲಿ ಸುತ್ತಲೂ ಹೂಡಿದ ತಾಮ್ರದ ಸುರುಳಿಗಳಲ್ಲಿ ಈ ಪ್ರವಾಹಗಳು ಹರಿದಾಗ, ಸುರುಳಿಗಳು ಅಲುಗದಿದ್ದರೂ ಅವು ಹುಟ್ಟಿಸಿದ ಕಾಂತಕ್ಷೇತ್ರವು ಸುತ್ತತೊಡಗುತ್ತದೆ. ಒಳಗಿನ ರೋಟರಿಗೆ ಹೊರಗಿನಿಂದ ಯಾವ ತಂತಿಯೂ ಬರುವುದಿಲ್ಲ. ಸುತ್ತುವ ಕ್ಷೇತ್ರವೇ ಅದರ ಸರಳುಗಳಲ್ಲಿ ವಿದ್ಯುತ್ತನ್ನು ಪ್ರೇರಿಸಿ ಅದನ್ನು ತನ್ನ ಹಿಂದೆ ಎಳೆದೊಯ್ಯುತ್ತದೆ.

ಸೆಕೆಂಡಿಗೆ ೫೦ ಆವರ್ತಗಳ ವಿದ್ಯುತ್ತಿನಲ್ಲಿ, ನಾಲ್ಕು ಧ್ರುವಗಳ ಮೋಟಾರಿನ ಕಾಂತಕ್ಷೇತ್ರವು ನಿಮಿಷಕ್ಕೆ ೧೫೦೦ ಸುತ್ತು ಸುತ್ತುತ್ತದೆ. ರೋಟರು ಎಂದಿಗೂ ಸ್ವಲ್ಪ ಹಿಂದೆ ಉಳಿಯತಕ್ಕದ್ದೇ. ಸಮಸಮನಾಗಿ ಓಡಿದರೆ ಪ್ರೇರಣೆಯೇ ಇಲ್ಲವಾಗುತ್ತದೆ. ಆದಕಾರಣ ನಾಮಫಲಕದಲ್ಲಿ ೧೪೨೦, ೧೪೪೦ ಎಂಬಂತಹ ಸಂಖ್ಯೆಗಳಿರುತ್ತವೆ. ಈ ಸಣ್ಣ ಅಂತರವನ್ನು ನೆನಪಿಡಿರಿ. ಮೋಟಾರನ್ನು ಬದಲಿಸುವಾಗ ಇದರ ಮಹತ್ತ್ವ ತಿಳಿಯುವುದು.

ಮುಪ್ಪು ಬರುವುದೆಲ್ಲಿಗೆ?

ಕಬ್ಬಿಣಕ್ಕೂ ತಾಮ್ರಕ್ಕೂ ಸುಲಭವಾಗಿ ಮುಪ್ಪು ಬರುವುದಿಲ್ಲ. ಮೋಟಾರಿನಲ್ಲಿ ಮುಖ್ಯವಾಗಿ ಸವೆಯತಕ್ಕವು ಎರಡು: ಶಾಫ್ಟನ್ನು ಹೊತ್ತ ಬೇರಿಂಗುಗಳು ಮತ್ತು ಸುರುಳಿಯ ತಂತಿಗಳನ್ನು ಬೇರ್ಪಡಿಸಿರುವ ವಾರ್ನಿಷು, ಕಾಗದ ಮುಂತಾದ ನಿರೋಧಕ ಹೊದಿಕೆ. ಹೊದಿಕೆಯ ದೊಡ್ಡ ಶತ್ರು ಶಾಖ. ತಂತ್ರಜ್ಞರು ಬಹುಕಾಲದಿಂದ ಬಳಸುತ್ತಿರುವ ಸ್ಥೂಲನಿಯಮವೊಂದುಂಟು: ಸುರುಳಿಯ ಶಾಖ ೧೦ ಡಿಗ್ರಿ ಏರಿದರೆ ಹೊದಿಕೆಯ ಆಯುಷ್ಯ ಅರ್ಧವಾಗುತ್ತದೆ, ೨೦ ಡಿಗ್ರಿ ಏರಿದರೆ ಕಾಲುಭಾಗವಾಗುತ್ತದೆ. ಹೊದಿಕೆಯ ದರ್ಜೆಯನ್ನು ನಾಮಫಲಕದಲ್ಲಿ ಅಕ್ಷರದಿಂದ ಸೂಚಿಸಿರುತ್ತಾರೆ. ‘ಬಿ’ ದರ್ಜೆಯದು ೧೩೦ ಡಿಗ್ರಿಯವರೆಗೂ, ‘ಎಫ್’ ದರ್ಜೆಯದು ೧೫೫ ಡಿಗ್ರಿಯವರೆಗೂ, ‘ಎಚ್’ ದರ್ಜೆಯದು ೧೮೦ ಡಿಗ್ರಿಯವರೆಗೂ ತಾಳಬಲ್ಲುದು.

ಬಿಸಿಗಾಳಿ ಫ್ಯಾನಿನ ಮೋಟಾರಿಗೆ ಈ ಶತ್ರು ನೆರೆಮನೆಯಲ್ಲಿಯೇ ಇದೆ. ಸಾಮಾನ್ಯ ಮೋಟಾರಿನ ಶಕ್ತಿಯನ್ನು ಸುತ್ತಲಿನ ಗಾಳಿ ೪೦ ಡಿಗ್ರಿಯನ್ನೂ, ಸ್ಥಳದ ಎತ್ತರ ೧೦೦೦ ಮೀಟರನ್ನೂ ಮೀರುವುದಿಲ್ಲವೆಂಬ ಭಾವನೆಯಿಂದ ನಿಗದಿಮಾಡಿರುತ್ತಾರೆ. ಒಲೆಯ ಪಕ್ಕದಲ್ಲಿ ಮೊದಲನೆಯದು ಮೀರಬಹುದು; ಸುಮಾರು ೧೮೫೦ ಮೀಟರ್ ಎತ್ತರದ ಕೂನೂರಿನಂತಹ ಊರಿನಲ್ಲಿ ಎರಡನೆಯದು ಮೀರಿಯೇ ಇದೆ. ಬೆಟ್ಟದ ತೆಳುಗಾಳಿ ಮೋಟಾರಿನ ಮೈಯನ್ನು ಅಷ್ಟಾಗಿ ತಣಿಸಲಾರದು. ಊರಿನ ಚಳಿ ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿಕೊಡುತ್ತದೆಯಾದರೂ ಒಲೆಯ ಬಳಿ ಆ ಸಹಾಯವೂ ಇಲ್ಲ. ಇದಲ್ಲದೆ ಕಾದ ಫ್ಯಾನಿನ ಶಾಖ ಶಾಫ್ಟಿನ ಮೂಲಕ ಹರಿದು ಬೇರಿಂಗಿನ ಗ್ರೀಸನ್ನು ಕರಗಿಸುತ್ತದೆ. ಈ ಕಾರಣದಿಂದಲೇ ಮೋಟಾರನ್ನು ಬಿಸಿಗಾಳಿಯ ದಾರಿಯಿಂದ ಹೊರಗಿಟ್ಟು ಬೆಲ್ಟಿನಿಂದ ಫ್ಯಾನನ್ನು ತಿರುಗಿಸುವ ಪದ್ಧತಿಯು ಒಳ್ಳೆಯದು.

ಪೋಷಣೆಯ ಕ್ರಮ

ಕೆಲಸದ ಮೊದಲು ಒಂದು ಎಚ್ಚರಿಕೆ. ಮುಖ್ಯ ಸ್ವಿಚ್ಚನ್ನು ತೆಗೆದು, ಬೀಗ ಹಾಕಿ, “ಕೆಲಸ ನಡೆದಿದೆ” ಎಂಬ ಫಲಕವನ್ನು ತೂಗಹಾಕಿ, ತಂತಿಗಳಲ್ಲಿ ವಿದ್ಯುತ್ತಿಲ್ಲವೆಂದು ಪರೀಕ್ಷಿಸಿದ ಮೇಲಲ್ಲದೆ ಮೋಟಾರನ್ನು ಮುಟ್ಟಬಾರದು. ವಿದ್ಯುತ್ತಿಲ್ಲದಿದ್ದರೂ ಬಿಸಿಗಾಳಿಯ ಸೆಳೆತದಿಂದ ಫ್ಯಾನು ತಾನೇ ತಿರುಗಬಹುದು. ಅದನ್ನೂ ಕಟ್ಟಿ ನಿಲ್ಲಿಸಬೇಕು. ಮೂರು ಫೇಸಿನ ಮೋಟಾರಿನ ಮೈಗೆ ಎರಡು ಪ್ರತ್ಯೇಕ ಭೂಸಂಪರ್ಕಗಳು ಇರತಕ್ಕದ್ದೆಂಬುದು ನಮ್ಮ ದೇಶದ ನಿಯಮ. ವಿದ್ಯಾರ್ಥಿಗಳು ಲೆಕ್ಕ ಬರೆಯಬಹುದು, ನೋಡಿ ಕಲಿಯಬಹುದು. ಕೈಯಿಕ್ಕುವ ಕೆಲಸ ತರಬೇತಾದ ಮೇಸ್ತ್ರಿಯದು.

ಮೊದಲನೆಯದು ಶುಚಿತ್ವ. ಚಹಾ ಕಾರ್ಖಾನೆಯ ನಯವಾದ ಧೂಳು ಮೋಟಾರಿನ ಮೈಯ ಏಣುಗಳ ನಡುವೆ ತುಂಬಿ ಕಂಬಳಿ ಹೊದಿಸಿದಂತೆ ಆಗುತ್ತದೆ. ವಾರಕ್ಕೊಮ್ಮೆ ಅದನ್ನು ಕುಂಚದಿಂದ ತೆಗೆಯುವುದಕ್ಕೆ ಕಾಸಿನ ಖರ್ಚಿಲ್ಲ. ಹಿಂಭಾಗದ ತಣಿಸುವ ಚಿಕ್ಕ ಫ್ಯಾನಿನ ಜಾಲರಿಯೂ ತೆರೆದಿರಬೇಕು.

ಎರಡನೆಯದು ಗ್ರೀಸು. ಗ್ರೀಸು ಕಡಿಮೆಯಾದರೆ ಬೇರಿಂಗು ಸವೆಯುತ್ತದೆ; ಹೆಚ್ಚಾದರೆ ತನ್ನೊಳಗೇ ಕಡೆಯಲ್ಪಟ್ಟು ಕಾಯುತ್ತದೆ, ಒಳಕ್ಕೆ ಸೋರಿ ಸುರುಳಿಗೂ ಅಂಟುತ್ತದೆ. ಎರಡು ಜಾತಿಯ ಗ್ರೀಸುಗಳನ್ನು ಬೆರೆಸಬಾರದು. ಬೇರಿಂಗಿನ ಮೇಲೆ ೬೩೦೮ ಎಂದಿದ್ದರೆ ಕೊನೆಯ ಎರಡಂಕಿಗಳನ್ನು ಐದರಿಂದ ಗುಣಿಸಿರಿ; ೮ × ೫ = ೪೦ ಮಿಲಿಮೀಟರ್, ಅದೇ ಶಾಫ್ಟಿನ ವ್ಯಾಸ. ಶಾಖದಿಂದ ಹಿಗ್ಗುವುದಕ್ಕೆ ಎಡೆಯಿರಲೆಂದು ಬಿಸಿಯ ಜಾಗಗಳಲ್ಲಿ ಹೆಚ್ಚು ಸಡಿಲವುಳ್ಳ ಬೇರಿಂಗುಗಳನ್ನು ಹಾಕುತ್ತಾರೆ. ಅವುಗಳ ಮೇಲೆ ‘ಸಿ೩’ ಎಂಬ ಗುರುತಿರುತ್ತದೆ. ಅಂಗಡಿಯಲ್ಲಿ ಸಂಖ್ಯೆಯೊಂದನ್ನೇ ಹೇಳಿ ಈ ಗುರುತನ್ನು ಮರೆತರೆ ಹೊಸ ಬೇರಿಂಗು ಬೇಗನೆ ಬಿಗಿದು ಕೆಡುವುದು.

ಮೂರನೆಯದು ಬೆಲ್ಟು. ಅದು ಸಡಿಲವಾದರೆ ಜಾರಿ ಕಾಯುತ್ತದೆ. ಅತಿ ಬಿಗಿಯಾದರೆ ಬೇರಿಂಗನ್ನು ಒಂದು ಕಡೆಗೆ ಜಗ್ಗುತ್ತದೆ. ಎರಡು ಪುಲ್ಲಿಗಳ ಮುಖ ಒಂದೇ ನೇರದಲ್ಲಿವೆಯೇ ಎಂಬುದನ್ನು ಎಳೆದು ಹಿಡಿದ ದಾರದಿಂದಲೇ ಪರೀಕ್ಷಿಸಬಹುದು.

ನಾಲ್ಕನೆಯದು ಅಳತೆ. ತಿಂಗಳಿಗೊಮ್ಮೆ ಮೂರು ಫೇಸುಗಳ ಆಂಪಿಯರುಗಳನ್ನೂ ವೋಲ್ಟುಗಳನ್ನೂ ನೋಡಿ ಬರೆದಿಡಬೇಕು. ತಣ್ಣನೆಯ ಗಾಳಿ ಬಿಸಿಗಾಳಿಗಿಂತ ಭಾರವೆಂಬುದು ಇಲ್ಲಿ ನೆನಪಿರಲಿ. ಸಮುದ್ರಮಟ್ಟದಲ್ಲಿ ೨೦ ಡಿಗ್ರಿಯ ಒಂದು ಘನಮೀಟರ್ ಗಾಳಿ ಸುಮಾರು ೧.೨ ಕಿಲೋ ತೂಗಿದರೆ, ೧೦೦ ಡಿಗ್ರಿಗೆ ಕಾದಾಗ ಸುಮಾರು ೦.೯೫ ಕಿಲೋ ತೂಗುತ್ತದೆ. ಬಿಸಿಗಾಳಿಯನ್ನೇ ಎಳೆಯುವ ಫ್ಯಾನು ಒಲೆ ಕಾಯುವ ಮೊದಲು ಹೆಚ್ಚು ಆಂಪಿಯರ್ ತೆಗೆದುಕೊಳ್ಳುವುದು ಸಹಜ. ಆದಕಾರಣ ಪ್ರತಿ ತಿಂಗಳೂ ಒಂದೇ ಸ್ಥಿತಿಯಲ್ಲಿ ಅಳೆದರೆ ಮಾತ್ರ ಸಂಖ್ಯೆಗಳನ್ನು ಹೋಲಿಸಲು ಬರುತ್ತದೆ. ವರ್ಷಕ್ಕೆರಡು ಬಾರಿಯಾದರೂ, ಅದರಲ್ಲಿಯೂ ಮಳೆಗಾಲದ ಮೊದಲು, ಮೋಟಾರಿನ ತಂತಿಗಳನ್ನು ಬಿಡಿಸಿ ‘ಮೆಗ್ಗರ್’ ಎಂಬ ಉಪಕರಣದಿಂದ ಹೊದಿಕೆಯ ರೋಧವನ್ನು ಅಳೆಯಬೇಕು. ಅದು ಒಂದು ಮೆಗಓಮಿಗಿಂತ ಕೆಳಗಿಳಿದಿದ್ದರೆ ಮೋಟಾರನ್ನು ಓಡಿಸುವುದು ಅಪಾಯ. ತೇವದಿಂದ ಇಳಿದಿದ್ದರೆ ಹದವಾಗಿ ಒಣಗಿಸಿದಾಗ ಮತ್ತೆ ಏರುತ್ತದೆ. ಒಣಗಿಸಿದರೂ ಏರದಿದ್ದರೆ ಹೊದಿಕೆಯೇ ಜೀರ್ಣವಾಗಿದೆ ಎಂದು ತಿಳಿಯತಕ್ಕದ್ದು.

ಸುಟ್ಟ ಸುರುಳಿಯ ಸಾಕ್ಷ್ಯ

ಇಷ್ಟಾದರೂ ಮೋಟಾರು ಸುಟ್ಟಿತೆನ್ನೋಣ. “ಹಳೆಯದು, ಹೋಯಿತು” ಎಂದು ಕೈತೊಳೆದುಕೊಳ್ಳುವ ಮೊದಲು ಮುಚ್ಚಳ ತೆಗೆದು ಸುರುಳಿಯನ್ನು ನೋಡಬೇಕು. ಮೂವರು ಕುಟ್ಟುವವರಲ್ಲಿ ಒಬ್ಬಳು ಒನಕೆ ಇಳಿಸಿದರೆ ಭಾರವೆಲ್ಲ ಉಳಿದವರ ಮೇಲೆ ಬೀಳುವಂತೆ, ಒಂದು ಫ್ಯೂಸು ಹೋದಾಗ ಓಡುತ್ತಿರುವ ಮೋಟಾರು ನಿಲ್ಲದೆ, ಉಳಿದ ಎರಡು ತಂತಿಗಳಿಂದಲೇ ಹೆಚ್ಚು ಪ್ರವಾಹವನ್ನು ಸೆಳೆದು ನರಳುತ್ತ ಓಡುತ್ತದೆ. ಆಗ ಸುಡುವ ಬಗೆಯೇ ಬೇರೆ. ಸ್ಟಾರ್ ಜೋಡಣೆಯ ಮೋಟಾರಿನಲ್ಲಿ ಎರಡು ಫೇಸುಗಳ ಸುರುಳಿಗಳು ಕಪ್ಪಾಗಿ ಒಂದು ಹೊಸದರಂತೆ ಉಳಿದಿರುತ್ತದೆ. ಡೆಲ್ಟಾ ಜೋಡಣೆಯಲ್ಲಿ ಒಂದು ಫೇಸು ಮಾತ್ರ ಕಪ್ಪಾಗಿರುತ್ತದೆ. ಎಲ್ಲವೂ ಸಮನಾಗಿ ಕಪ್ಪಾಗಿದ್ದರೆ ಅತಿಭಾರ, ಸಿಕ್ಕಿಕೊಂಡ ರೋಟರು ಅಥವಾ ತಣಿಸುವ ಗಾಳಿಯ ತಡೆ ಕಾರಣವಾಗಿರಬಹುದು.

ಈ ಸಾಕ್ಷ್ಯವನ್ನು ಕೇಳದೆ ಹೊಸ ಮೋಟಾರನ್ನು ಕೂರಿಸಿದರೆ ಹಳೆಯದನ್ನು ಕೊಂದ ಕಾರಣವೇ ಹೊಸದನ್ನೂ ಕೊಲ್ಲುತ್ತದೆ. ತಪ್ಪು ಸಡಿಲ ಫ್ಯೂಸಿನದಾಗಿದ್ದರೆ, ಸ್ಟಾರ್ಟರಿನ ಸವೆದ ಸಂಪರ್ಕದ್ದಾಗಿದ್ದರೆ, ಮೋಟಾರಿಗೆ ಶಿಕ್ಷೆ ವಿಧಿಸಿ ಫಲವೇನು? ಒಂದು ಫೇಸು ತಪ್ಪಿದೊಡನೆ ಮೋಟಾರನ್ನು ನಿಲ್ಲಿಸುವ ರಕ್ಷಣೋಪಕರಣಗಳು ದೊರೆಯುತ್ತವೆ. ಅವುಗಳ ಬೆಲೆ ಮೋಟಾರಿನ ಬೆಲೆಯ ಮುಂದೆ ಅಲ್ಪ.

ಬದಲಿಸುವುದು ಯಾವಾಗ?

ಬೇರಿಂಗು ಮಾತ್ರ ಸವೆದಿದ್ದರೆ ಬೇರಿಂಗನ್ನೇ ಬದಲಿಸತಕ್ಕದ್ದು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಡ. ಸುರುಳಿ ಸುಟ್ಟಾಗ ಮಾತ್ರ ನಿಜವಾದ ಪ್ರಶ್ನೆ ಏಳುತ್ತದೆ. ತಂತಿಯ ದಪ್ಪ, ಸುತ್ತುಗಳ ಎಣಿಕೆ, ಜೋಡಣೆ ಇವು ಮೊದಲಿನಂತೆಯೇ ಇದ್ದರೆ ಒಳ್ಳೆಯ ರಿವೈಂಡಿಂಗು ಮೋಟಾರಿಗೆ ಮರುಜನ್ಮ ಕೊಡಬಲ್ಲುದು. ಆದರೆ ಹಳೆಯ ಸುರುಳಿಯನ್ನು ಕೀಳಲು ಬೆಂಕಿಯಿಂದ ಅತಿಯಾಗಿ ಕಾಯಿಸಿದರೆ, ಕಬ್ಬಿಣದ ತೆಳುಹಾಳೆಗಳ ನಡುವಣ ಲೇಪ ಸುಟ್ಟು ಮೋಟಾರು ಮುಂದೆ ಎಂದೆಂದಿಗೂ ಹೆಚ್ಚು ವಿದ್ಯುತ್ತನ್ನು ತಿನ್ನುತ್ತದೆ. ಎರಡು ಮೂರು ಬಾರಿ ಹೀಗೆ ಸುಟ್ಟು ಸುತ್ತಿದ ಮೋಟಾರನ್ನು ನಂಬುವುದು ಕಷ್ಟ. ರಿಪೇರಿಯ ವೆಚ್ಚ ಹೊಸದರ ಬೆಲೆಯ ಅರ್ಧವನ್ನು ಮೀರಿದರೆ ಬದಲಿಸುವುದೇ ಲೇಸೆಂದು ಅನುಭವಿಗಳು ಹೇಳುತ್ತಾರೆ. ಮೂಗಿಗಿಂತ ಮೂಗುತಿ ಭಾರವಾಗಬಾರದು.

ಆದರೆ ಬೆಲೆಗಿಂತ ದೊಡ್ಡ ಲೆಕ್ಕವೊಂದಿದೆ, ಅದು ವಿದ್ಯುತ್ತಿನದು. ಇಂದಿನ ಮೋಟಾರುಗಳ ಮೇಲೆ ‘ಐಇ೨’, ‘ಐಇ೩’ ಎಂಬ ದಕ್ಷತೆಯ ಗುರುತುಗಳಿರುತ್ತವೆ. ಅಂಕಿ ಹೆಚ್ಚಿದಷ್ಟೂ ದಕ್ಷತೆ ಹೆಚ್ಚು. ೭.೫ ಕಿಲೋವಾಟಿನ, ಎಂದರೆ ೧೦ ಅಶ್ವಶಕ್ತಿಯ, ನಾಲ್ಕು ಧ್ರುವಗಳ ‘ಐಇ೩’ ಮೋಟಾರಿನ ದಕ್ಷತೆ ನೂರಕ್ಕೆ ೯೦.೪. ಹಳೆಯದರ ದಕ್ಷತೆ ೮೪ ಎಂದು ಇಟ್ಟುಕೊಳ್ಳೋಣ. ಫ್ಯಾನಿಗೆ ೬ ಕಿಲೋವಾಟು ಬೇಕೆಂದಾದರೆ ಹಳೆಯದು ೭.೧೪ ಕಿಲೋವಾಟನ್ನೂ, ಹೊಸದು ೬.೬೪ ಕಿಲೋವಾಟನ್ನೂ ತೆಗೆದುಕೊಳ್ಳುತ್ತದೆ. ಉಳಿತಾಯ ಅರ್ಧ ಕಿಲೋವಾಟು. ವರ್ಷಕ್ಕೆ ೪೦೦೦ ಗಂಟೆ ಓಡುವ ಫ್ಯಾನಿನಲ್ಲಿ ಇದು ೨೦೦೦ ಯೂನಿಟ್ಟು. ಯೂನಿಟ್ಟಿಗೆ ೮ ರೂಪಾಯಿಯೆಂದು ಹಿಡಿದರೆ ೧೬,೦೦೦ ರೂಪಾಯಿ. ಅದೇ ಮೋಟಾರು ಮಳೆಗಾಲದಲ್ಲಿ ಮಾತ್ರ ೩೦೦ ಗಂಟೆ ಓಡುವುದಾದರೆ ಉಳಿಯುವುದು ೧೫೦ ಯೂನಿಟ್ಟು, ೧,೨೦೦ ರೂಪಾಯಿ. ಒಂದೇ ಮೋಟಾರು, ಒಂದೇ ವಯಸ್ಸು. ಆದರೂ ಒಂದು ಕಡೆ ಬದಲಿಸುವುದು ಜಾಣತನ, ಇನ್ನೊಂದು ಕಡೆ ದುಂದು. ತೀರ್ಪು ಕೊಡಬೇಕಾದುದು ಮೋಟಾರಿನ ವಯಸ್ಸಲ್ಲ, ಅದು ಓಡುವ ಗಂಟೆಗಳು ಮತ್ತು ಅಳೆದು ಬರೆದ ಸಂಖ್ಯೆಗಳು.

ಹೊಸದನ್ನು ಕೂರಿಸುವಾಗ

ಹೊಸ ದಕ್ಷ ಮೋಟಾರುಗಳು ಸಾಮಾನ್ಯವಾಗಿ ಹಳೆಯವಕ್ಕಿಂತ ಸ್ವಲ್ಪ ವೇಗವಾಗಿ ತಿರುಗುತ್ತವೆ. ಹಳೆಯದು ೧೪೨೦ ಸುತ್ತಿನದಾಗಿ ಹೊಸದು ೧೪೬೫ರದಾದರೆ ವ್ಯತ್ಯಾಸ ನೂರಕ್ಕೆ ಮೂರೇ ಎಂದು ಅಲಕ್ಷಿಸಬಾರದು. ಫ್ಯಾನು ಬೇಡುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ೧೪೬೫ನ್ನು ೧೪೨೦ರಿಂದ ಭಾಗಿಸಿ, ಬಂದುದನ್ನು ಮೂರು ಬಾರಿ ಗುಣಿಸಿದರೆ ೧.೦೯೮ ಬರುತ್ತದೆ. ಹೀಗೆ ಫ್ಯಾನು ನೂರಕ್ಕೆ ಸುಮಾರು ಹತ್ತು ಪಾಲು ಹೆಚ್ಚು ಶಕ್ತಿಯನ್ನು ಕೇಳುತ್ತದೆ. ದಕ್ಷತೆಯಿಂದ ಬಂದ ಲಾಭವೆಲ್ಲ ಹೋಗಿ ಬಿಲ್ಲು ಮೊದಲಿಗಿಂತ ಹೆಚ್ಚುತ್ತದೆ. ಡ್ರೈಯರಿನ ಗಾಳಿಯ ಹದವೂ ತಪ್ಪುತ್ತದೆ. ಇದಕ್ಕೆ ಪರಿಹಾರ ಸುಲಭ. ಮೋಟಾರಿನ ಪುಲ್ಲಿ ೧೫೦ ಮಿಲಿಮೀಟರಿನದಾಗಿದ್ದರೆ ಅದೇ ಪ್ರಮಾಣದಲ್ಲಿ ಸುಮಾರು ೧೪೫ ಮಿಲಿಮೀಟರಿಗೆ ಇಳಿಸಿದರಾಯಿತು.

ಇನ್ನು ಚೌಕಟ್ಟಿನ ಅಳತೆ. ಇಂದಿನ ಮೋಟಾರಿನ ಚೌಕಟ್ಟಿಗೆ ೧೩೨ ಎಂಬ ಸಂಖ್ಯೆಯಿದ್ದರೆ ಪಾದದಿಂದ ಶಾಫ್ಟಿನ ನಡುವಿಗೆ ೧೩೨ ಮಿಲಿಮೀಟರ್ ಎತ್ತರವೆಂದು ಅರ್ಥ. ಅಂಗುಲಗಳ ಲೆಕ್ಕದಲ್ಲಿ ಮಾಡಿದ ಹಳೆಯ ಮೋಟಾರಿನ ಪೀಠಕ್ಕೆ ಇದು ಸರಿಹೊಂದದೆ ಇರಬಹುದು. ಕೊಳ್ಳುವ ಮೊದಲೇ ಎತ್ತರ, ಪಾದದ ರಂಧ್ರಗಳ ಅಂತರ ಮತ್ತು ಶಾಫ್ಟಿನ ವ್ಯಾಸವನ್ನು ಅಳೆದುಕೊಳ್ಳತಕ್ಕದ್ದು.

ಕೊನೆಯದಾಗಿ ತಿರುಗುವ ದಿಕ್ಕು. ಬಸವನಹುಳುವಿನ ಚಿಪ್ಪಿನಂತಹ ಗೂಡಿನಲ್ಲಿ ತಿರುಗುವ ಫ್ಯಾನು ಹಿಮ್ಮುಖವಾಗಿ ಸುತ್ತಿದರೂ ಗಾಳಿಯನ್ನು ಅದೇ ಬಾಯಿಂದ ಹೊರಡಿಸುತ್ತದೆ. ಆದರೆ ಗಾಳಿ ಬಹಳ ಕಡಿಮೆ. “ಗಾಳಿ ಬರುತ್ತಿದೆ, ಸರಿಯಾಗಿದೆ” ಎಂದು ಮೋಸಹೋಗಬಾರದು. ಗೂಡಿನ ಮೇಲಿನ ಬಾಣದ ಗುರುತಿಗೆ ತಾಳೆ ನೋಡಬೇಕು. ದಿಕ್ಕು ತಪ್ಪಿದ್ದರೆ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು.

ವಿದ್ಯಾರ್ಥಿಮಿತ್ರರೇ, ಮೇಲೆ ಮಾಡಿದ ಲೆಕ್ಕಗಳಲ್ಲಿ ಗುಣಾಕಾರ, ಭಾಗಾಕಾರ, ಶೇಕಡಾ ಇವನ್ನು ಮೀರಿದುದು ಏನೂ ಇಲ್ಲ. ಅವೆಲ್ಲ ನಿಮ್ಮ ಪಾಠಗಳಲ್ಲಿಯೇ ಇವೆ. ನಿಮ್ಮ ಮನೆಯ ಹಿರಿಯರು ಸಹಕಾರಿ ಕಾರ್ಖಾನೆಯ ಸದಸ್ಯರಾಗಿದ್ದರೆ ವಾರ್ಷಿಕ ಸಭೆಯಲ್ಲಿ ಈ ಮೂರು ಪ್ರಶ್ನೆಗಳನ್ನು ಕೇಳಬಹುದು: ಪ್ರತಿ ಮೋಟಾರಿಗೂ ಅಳತೆಯ ಪುಸ್ತಕವಿದೆಯೇ? ಒಂದು ಫೇಸು ತಪ್ಪಿದರೆ ನಿಲ್ಲಿಸುವ ರಕ್ಷಣೆಯಿದೆಯೇ? ಡ್ರೈಯರಿನ ಫ್ಯಾನಿಗೆ ಬದಲಿ ಬೇರಿಂಗು, ಬೆಲ್ಟುಗಳು ಉಗ್ರಾಣದಲ್ಲಿವೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಹಳೆಯ ಮೋಟಾರಿಗೆ ಅಂಜಬೇಕಾಗಿಲ್ಲ. ಇಲ್ಲವೆಂಬ ಉತ್ತರ ಬಂದರೆ ಹೊಸ ಮೋಟಾರನ್ನು ತಂದರೂ ನಿಶ್ಚಿಂತೆಯಿಲ್ಲ. ಪುಸ್ತಕವೊಂದಕ್ಕೆ ತಗಲುವ ವೆಚ್ಚ ಕೆಲವೇ ರೂಪಾಯಿ. ಅದನ್ನು ಬರೆಯುವ ಅಭ್ಯಾಸವು ಒಂದು ರಾತ್ರಿಯ ಎಲೆಯನ್ನು ಉಳಿಸಿದರೂ ಆ ವೆಚ್ಚ ಸಾರ್ಥಕ.